ಏಕನಾಥನ ಗುಡಿಯಾ ಮತ್ತು ಉಪ್ಪಿನ ಪುಡಿ

ಬೀದರಕ್ಕೆ ಅಂಟಿಕೊಂಡ ನೌಬಾದದಲ್ಲಿ ಏಕನಾಥನ ಮನೆ ಎಲ್ಲಿ ಎಂದು ಕೇಳಿದರೆ ನಾಲ್ಕು ಜನ ನಾಲ್ಕು ದಿಕ್ಕಿಗೆ ಕೈ ತೋರಿಸುತ್ತಾರೆ. ಆ ಹೆಸರಿನವರು ಅಲ್ಲಿ ಬೇಕಾದಷ್ಟು ಮಂದಿ. ಗುಡಿಯಾಳ ಏಕನಾಥ ಎಂದರೆ ಮಾತ್ರ ಎಲ್ಲರ ಕೈಯೂ ಒಂದೇ ಕಡೆ ತಿರುಗುತ್ತದೆ. ಗುಡಿಯಾ ಅವನ ಹೆಂಡತಿಯಲ್ಲ, ಮಗಳೂ ಅಲ್ಲ. ಅವನು ಸಾಕಿದ ಬಿಳಿ ಹೆಣ್ಣುಕುದುರೆ. ಹೆಂಡತಿ ಶೇವಂತಾಬಾಯಿಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ. “ಮೂವತ್ತೈದು ವರ್ಷ ರೊಟ್ಟಿ ಬಡಿದಾಕಿ ನಾ, ಹೆಸರು ಮಾತ್ರ ಕುದುರಿದು” ಎನ್ನುತ್ತಾಳೆ. ಎನ್ನುತ್ತಲೇ ಕುದುರೆಗೆ ಕಡಲೆ ನೆನೆಹಾಕುತ್ತಾಳೆ.

ಏಕನಾಥನ ಅಪ್ಪ ಬೀದರ ಸ್ಟೇಶನ್ನಿನಿಂದ ಟಾಂಗಾ ಹೊಡೆಯುತ್ತಿದ್ದ. ಏಕನಾಥನೂ ಕೆಲವು ವರ್ಷ ಅದೇ ಟಾಂಗಾದ ಮೇಲೆ ಕೂತ. ಆಟೋಗಳು ಬಂದವು, ಟಾಂಗಾ ಮೂಲೆಗೆ ಬಿತ್ತು, ಒಂದು ಮಳೆಗಾಲದಲ್ಲಿ ಅದರ ಹಲಗೆಗಳು ಶೇವಂತಾಬಾಯಿಯ ಒಲೆ ಸೇರಿದವು. ಕುದುರೆಯ ಹೊರತು ಬೇರೆ ವಿದ್ಯೆ ಗೊತ್ತಿಲ್ಲದ ಏಕನಾಥ ಮದುವೆಯ ಮೆರವಣಿಗೆಗೆ ಕುದುರೆ ಹಿಡಿಯುವ ಕೆಲಸಕ್ಕೆ ಇಳಿದ. ಬೀದರ, ಭಾಲ್ಕಿ, ಔರಾದ ಎಂದು ಮೂರು ತಾಲ್ಲೂಕಿನ ಮದುಮಕ್ಕಳನ್ನು ಎತ್ತಿ ಎತ್ತಿ ಕುದುರೆಯ ಮೇಲೆ ಕೂರಿಸಿದ. ತನ್ನ ಮದುವೆಗೆ ಮಾತ್ರ ನಡೆದುಕೊಂಡೇ ಹೋಗಿದ್ದ. ಆ ಕಾಲಕ್ಕೆ ಶೇವಂತಾಬಾಯಿಯ ಊರಿನಲ್ಲಿ ಅವನಂಥವನು ಕುದುರೆ ಏರಿ ಬಂದರೆ ಊರ ಮುಂದಿನವರು ಸುಮ್ಮನಿರುತ್ತಿರಲಿಲ್ಲ. ಆ ನೋವು ಮರೆತಿದ್ದೇನೆ ಎಂದು ಅವನು ಹೇಳುತ್ತಾನೆ. ನನಗೆ ನಂಬಿಕೆಯಿಲ್ಲ.

ಹನ್ನೊಂದು ವರ್ಷದ ಕೆಳಗೆ ಭಾಲ್ಕಿಯ ಮಕ್ಸೂದನ ಲಾಯದಿಂದ ಮೂರು ವರ್ಷದ ಗುಡಿಯಾಳನ್ನು ತಂದ. ಮಕ್ಸೂದ ಅವನ ಟಾಂಗಾ ಕಾಲದ ಗೆಳೆಯ. ಈಗ ಆರು ಕುದುರೆಗಳ ಧಣಿ, ಮಾತಿನಲ್ಲಿ ಅರವತ್ತು ಕುದುರೆಗಳ ಧಣಿ. ಗುಡಿಯಾ ಬಂದ ಮೊದಲ ವರ್ಷವೇ ಒಂದು ದೊಡ್ಡ ಮದುವೆಯಲ್ಲಿ ಅನಾಹುತವಾಯಿತು. ಮೆರವಣಿಗೆ ಮಂಟಪದ ಬಾಗಿಲಿಗೆ ಬಂದು ನಿಂತಿದೆ, ಹೆಣ್ಣಿನ ಕಡೆಯವರು ಆರತಿ ಹಿಡಿದಿದ್ದಾರೆ, ಅಷ್ಟರಲ್ಲಿ ಗುಡಿಯಾ ಹಿಂಗಾಲು ಅಗಲಿಸಿ ಮೂತ್ರ ಹೊಯ್ದಳು. ಬಂದವರ ಪಾದ ನೆನೆಯಿತು, ಕೆಲವರು ನಕ್ಕರು. ಮದುಮಗನ ಚಿಕ್ಕಪ್ಪ ಕುದುರೆಯನ್ನು ಬೈಯಲಿಲ್ಲ, ಹಿಡಿದವನನ್ನು ಬೈದ. ಅವನ ಮನೆತನ ಕೇಳಿದ, ಕೇರಿ ಕೇಳಿದ, ಕೇಳಿಕೊಂಡು ಬೈದ.

ಆಮೇಲೆ ಅವನು ಗುಡಿಯಾಗೆ ಒಂದು ಪಾಠ ಕಲಿಸಿದ. ಮದುವೆ ಕುದುರೆ ಹಿಡಿಯುವವರಿಗೆಲ್ಲ ಆ ಪಾಠ ಗೊತ್ತು: ಮೆರವಣಿಗೆಯ ದಿನ ಮಧ್ಯಾಹ್ನದಿಂದ ಕುದುರೆಗೆ ನೀರು ಬಂದ್. ಏಕನಾಥ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಜೀನು ಬಿಗಿದು, ಬಾಯಿಗೆ ಲಗಾಮು ಹಾಕಿ, ನೀರಿನ ಬಕೆಟ್ಟಿನ ಮುಂದೆ ಅವಳನ್ನು ನಿಲ್ಲಿಸುತ್ತಿದ್ದ. ಮೂತಿ ಇಳಿಸಿದರೆ ಲಗಾಮು ಎಳೆದು “ಹುಂ” ಎನ್ನುತ್ತಿದ್ದ. ಹೊಡೆಯಲಿಲ್ಲ, ಒಂದು ದಿನವೂ ಹೊಡೆಯಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಗುಡಿಯಾ ಬಕೆಟ್ಟಿನ ಕಡೆ ನೋಡುವುದನ್ನೇ ಬಿಟ್ಟಳು. ಕೆಲಸ ಮುಗಿದು ಮನೆಗೆ ಬಂದು, ಸಾಮಾನೆಲ್ಲ ಕಳಚಿದ ಮೇಲೆ ಶೇವಂತಾಬಾಯಿ ನೀರು ಇಡುತ್ತಿದ್ದಳು, ಇಲ್ಲವೇ ಮಗಳು ಪೂನಮ ಇಡುತ್ತಿದ್ದಳು. ಅವರ ಕೈಯಿಂದ ಗಟಗಟ ಕುಡಿಯುತ್ತಿದ್ದಳು. ಏಕನಾಥ ಅಷ್ಟು ಹೊತ್ತಿಗೆ ಕಾಲು ಚಾಚಿ ಒಳಗೆ ಮಲಗಿರುತ್ತಿದ್ದ. ಗುಡಿಯಾಳಂಥ ಶಿಸ್ತಿನ ಕುದುರೆ ಮೂರು ತಾಲ್ಲೂಕಿನಲ್ಲಿ ಇಲ್ಲ ಎಂದು ಹೆಸರಾಯಿತು. ಅವನಿಗೂ ಹೆಮ್ಮೆಯಾಯಿತು.

ಈಗ ಅವನಿಗೆ ಅರವತ್ತಮೂರು. ಮೊಣಕಾಲು ಎರಡೂ ಕೈಕೊಟ್ಟಿವೆ. ಡಿಜೆಯ ಎದೆ ನಡುಗಿಸುವ ಸದ್ದಿನಲ್ಲಿ ಎರಡು ಕಿಲೋಮೀಟರ್ ಕುದುರೆ ಹಿಡಿದು ನಡೆಯುವುದು ಇನ್ನು ಆಗದ ಮಾತು. ಮಕ್ಸೂದ ಬಂದು, “ಅರೇ ಭೈ, ನನ್ನ ಲಾಯದಾಗ ಕಟ್ರಿ, ಆರರ ಜೋಡಿ ಏಳು” ಎಂದ. ಅವನು ಕೆಟ್ಟವನಲ್ಲ. ಆದರೆ ಅವನ ಕುದುರೆಗಳು ಸೀಜನ್ನಿನಲ್ಲಿ ದಿನಕ್ಕೆ ಎರಡೆರಡು ಮೆರವಣಿಗೆಗೆ ಹೋಗುತ್ತವೆ. ಹದಿನಾಲ್ಕು ವರ್ಷದ ಗುಡಿಯಾಳನ್ನು ಅಲ್ಲಿಗೆ ಕಳಿಸುವ ಮಾತು ಬಂದರೆ ಏಕನಾಥ ಎದ್ದು ಹೋಗಿ ಅವಳ ಮೈ ತಿಕ್ಕುತ್ತ ನಿಲ್ಲುತ್ತಿದ್ದ.

ದಾರಿ ತೋರಿಸಿದವಳು ಪೂನಮ. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಬಿ.ಪಿ.ಎಡ್ ಮುಗಿಸಿದ್ದಾಳೆ, ನಡೆಯುವುದಕ್ಕಿಂತ ಮೊದಲು ಗುಡಿಯಾಳ ಮೇಲೆ ಕೂತಿದ್ದೆ ಎಂದು ಸುಳ್ಳು ಹೇಳುತ್ತಾಳೆ. ಜನವಾಡ ರಸ್ತೆಯ ಒಂದು ವಸತಿ ಶಾಲೆಯಲ್ಲಿ ಮಕ್ಕಳಿಗೆ ಕುದುರೆ ಸವಾರಿ ಕಲಿಸುವವರು ಬೇಕಾಗಿದ್ದರು. ಕುದುರೆ ಜೊತೆಗೆ ಬಂದರೆ ಅದಕ್ಕೂ ಲಾಯ, ಮೇವು. ಆದರೆ ಶಾಲೆಯವರದು ಒಂದು ಷರತ್ತು. ಜಿಲ್ಲೆಯ ಕುದುರೆ ಸವಾರರ ಸಂಘ ಫೆಬ್ರವರಿಯಲ್ಲಿ ಬೀದರದಿಂದ ಔರಾದಕ್ಕೆ ನಲವತ್ತು ಕಿಲೋಮೀಟರಿನ ಸವಾರಿ ಇಟ್ಟಿತ್ತು. ಗೆಲ್ಲಬೇಕೆಂದಿಲ್ಲ, ಕುದುರೆ ಆರೋಗ್ಯವಾಗಿ ಮುಟ್ಟಬೇಕು, ಡಾಕ್ಟರು ಸಹಿ ಹಾಕಬೇಕು. ಆ ಕಾಗದ ತಂದರೆ ಪೂನಮಳಿಗೆ ಕೆಲಸ, ಗುಡಿಯಾಗೆ ನೆರಳು. ತರದಿದ್ದರೆ ಭಾಲ್ಕಿಯ ಲಾಯ.

ಅಲ್ಲಿಂದ ಮನೆಯಲ್ಲಿ ಉಪ್ಪಿನ ಜಗಳ ಶುರುವಾಯಿತು. ಮಕ್ಸೂದನೂ ತನ್ನ ಒಂದು ಕುದುರೆಯನ್ನು ಆ ಸವಾರಿಗೆ ಹೂಡಿದ್ದ. ದೂರ ಓಡುವ ಕುದುರೆಗೆ ಕೊಡುವ ಲವಣದ ಪುಡಿಯ ಡಬ್ಬಿಯನ್ನು ಹೈದರಾಬಾದಿನಿಂದ ತರಿಸಿ, ಒಂದನ್ನು ಪೂನಮಳಿಗೂ ಕಳಿಸಿದ. ಪೂನಮ ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನೆಲ್ಲ ಓದಿದಳು. ಏಕನಾಥ ಡಬ್ಬಿಯನ್ನು ಮುಟ್ಟಲೂ ಇಲ್ಲ.

“ನಮ್ಮಪ್ಪನ ಕುದುರಿ ಯಾವ ಪುಡಿ ತಿಂದಿತ್ತು? ಸ್ಟೇಶನ್ನಿಗೆ ದಿನಾ ಇಪ್ಪತ್ತು ಖೇಪ್ ಹೊಡಿತಿತ್ತು.”

“ಅಪ್ಪಾ, ಆ ಕುದುರಿ ಎಷ್ಟು ವರ್ಷ ಬದುಕಿತ್ರಿ?” ಎಂದಳು ಪೂನಮ.

ಬೇಸಗೆಯೊಂದರಲ್ಲಿ ಅದು ರಸ್ತೆಯ ಮೇಲೇ ಬಿದ್ದು ಸತ್ತಿತ್ತು.

ಕೊನೆಗೆ ಇಬ್ಬರೂ ಡಾಕ್ಟರ್ ನಿಷಾಳ ಹತ್ತಿರ ಹೋದರು. ಮಂಗಲಪೇಟೆಯ ಹುಡುಗಿ, ಅವಳ ತಾಯಿ ಮಾರ್ಗರೆಟ ನರ್ಸಾಗಿದ್ದವಳು. ತಾಯಿ ಮನುಷ್ಯರಿಗೆ ಸೂಜಿ ಚುಚ್ಚಿದಳು, ಮಗಳು ದನಕರುಗಳಿಗೆ ಚುಚ್ಚುತ್ತಾಳೆ. ನಿಷಾ ಗುಡಿಯಾಳ ವಸಡು ಒತ್ತಿ ನೋಡಿ, ಕುತ್ತಿಗೆಯ ಚರ್ಮ ಚಿವುಟಿ ನೋಡಿ ನಕ್ಕಳು.

“ನೀವಿಬ್ಬರೂ ಅರ್ಧರ್ಧ ಖರೆ ಅದೀರಿ, ಕಾಕಾ. ದಿನದ ಕೆಲಸಕ್ಕ ಪುಡಿ ಬ್ಯಾಡ. ಒಳ್ಳೆ ಮೇವು, ನಾಲಗಿಗೆ ಒಂದು ಉಪ್ಪಿನ ಹರಳು, ಸಾಕು. ಖರೆ ದೂರ ಓಡಿದ್ರ, ಬಿಸಲಾಗ ಓಡಿದ್ರ, ಕುದುರಿ ಬೆವರಿನ ಜೋಡಿ ಮುಷ್ಟಿಗಟ್ಟಲೆ ಉಪ್ಪು ಹೋಗ್ತದ. ಮನಷ್ಯಾರಿಗಿಂತ ಭಾಳ ಹೋಗ್ತದ. ನೀರೂ ಉಪ್ಪೂ ಕೂಡೇ ಹೋದ್ರ ಅದಕ್ಕ ನೀರಡಿಕಿ ಆಗೇದಂತ ಗೊತ್ತ ಆಗಂಗಿಲ್ಲ. ಮೈ ಒಣಗಿರ್ತದ, ನೀರು ಕುಡಿಯಂಗಿಲ್ಲ. ಆಗ ಉಪ್ಪು ಕೊಡಬೇಕಾಗ್ತದ.”

“ಹಂಗಂದ್ರ ಮೊದಲ ಕೊಟ್ಟಿಟ್ರ?” ಎಂದಳು ಪೂನಮ.

“ಮೊದಲ ಕೊಟ್ಟಿದ್ದು ಮೂತ್ರದಾಗ ಹೋಗ್ತದ. ಮತ್ತೊಂದು ಮಾತು ಗಟ್ಟಿ ನೆನಪಿಡ್ರಿ. ನೀರು ಕುಡಿದ ಕುದುರಿಗೇ ಉಪ್ಪು. ಕುಡಿಯದ ಕುದುರಿ ಬಾಯಾಗ ಉಪ್ಪು ತುರುಕಿದ್ರ, ಮೈಯಾಗ ಇದ್ದ ನೀರೂ ಹೊಟ್ಟಿಗೆ ಇಳಿತದ. ಅದು ಔಷಧ ಅಲ್ಲ, ಹೊಡತ.”

ಏಕನಾಥ ತಲೆಯಾಡಿಸಿದ. ಕುಡಿಯದ ಕುದುರೆ ಎಂಬ ಮಾತು ಅವನ ಕಿವಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಅವನ ಗುಡಿಯಾ ಮನೆಯಲ್ಲಿ ಎರಡು ಬಕೆಟ್ ನೀರು ಒಂದೇ ಉಸಿರಿಗೆ ಇಳಿಸುವವಳು.

ಮೂರು ತಿಂಗಳು ಪೂನಮ ಬೆಳಗಿನ ತಂಪಿನಲ್ಲಿ ಗುಡಿಯಾಳನ್ನು ಜನವಾಡದ ದಾರಿಯಲ್ಲಿ ಓಡಿಸಿದಳು. ಹನ್ನೆರಡು ಕಿಲೋಮೀಟರ್, ಹದಿನೈದು, ಇಪ್ಪತ್ತು. ದಾರಿಯಲ್ಲಿ ನೀರು ಕುಡಿಸುವ ಪ್ರಸಂಗವೇ ಬರಲಿಲ್ಲ. ಮನೆಗೆ ಬಂದ ಮೇಲೆ ಶೇವಂತಾಬಾಯಿಯ ಬಕೆಟ್ ಇದ್ದೇ ಇತ್ತು.

ಸವಾರಿಯ ದಿನ ಬೆಳಿಗ್ಗೆ ಹದಿಮೂರು ಕುದುರೆಗಳು ನೌಬಾದದಿಂದ ಹೊರಟವು. ಏಕನಾಥ ಮಕ್ಸೂದನ ಟೆಂಪೋದಲ್ಲಿ ಹಿಂದಿನಿಂದ ಬಂದ. ಮಾಂಜ್ರಾ ಸೇತುವೆ ದಾಟಿದ ಮೇಲೆ ಇಪ್ಪತ್ತೆರಡನೇ ಕಿಲೋಮೀಟರಿನಲ್ಲಿ ಬೇವಿನ ಮರಗಳ ಕೆಳಗೆ ತಪಾಸಣೆ. ಕುದುರೆ ಬಂದ ಅರ್ಧ ಗಂಟೆಯೊಳಗೆ ಅದರ ಎದೆಬಡಿತ ನಿಮಿಷಕ್ಕೆ ಅರವತ್ತನಾಲ್ಕಕ್ಕೆ ಇಳಿಯಬೇಕು. ಇಳಿಯದಿದ್ದರೆ ಅದರ ಸವಾರಿ ಅಲ್ಲಿಗೇ ಮುಗಿಯಿತು. ತಪಾಸಣೆಗೆ ನಿಂತವಳು ನಿಷಾ.

ಆ ದಿನ ಬಿಸಿಲು ಫೆಬ್ರವರಿಯದಾಗಿರಲಿಲ್ಲ, ಏಪ್ರಿಲ್ ತಿಂಗಳಿನಿಂದ ಕಡ ತಂದ ಹಾಗಿತ್ತು. ಗುಡಿಯಾ ಒಂಬತ್ತನೆಯವಳಾಗಿ ಬಂದಳು. ಬಿಳಿ ಮೈಯೆಲ್ಲ ಬೆವರಿನಿಂದ ಬೂದುಬಣ್ಣಕ್ಕೆ ತಿರುಗಿತ್ತು, ಜೀನಿನ ಅಂಚಿಗೆ ಉಪ್ಪು ಬೆಳ್ಳಗೆ ಕಟ್ಟಿತ್ತು. ಏಕನಾಥ ಓಡಿಹೋಗಿ, ಓಡುವುದೆಂದರೆ ಕುಂಟುತ್ತ ಹೋಗಿ, ಲಗಾಮು ಹಿಡಿದುಕೊಂಡ. ಪೂನಮ ಜೀನು ಇಳಿಸಿ ಮೈಮೇಲೆ ನೀರು ಸುರಿದಳು. ನಿಷಾ ಎದೆಗೆ ಕೊಳವೆ ಹಚ್ಚಿ ಎಣಿಸಿದಳು.

“ಎಪ್ಪತ್ತಾರು. ನೀರು ಕುಡಸ್ರಿ.”

ಏಕನಾಥ ಬಕೆಟ್ ತಂದಿಟ್ಟ. ಗುಡಿಯಾ ಬಕೆಟ್ಟಿನ ಮೇಲಿಂದ ಕತ್ತು ಎತ್ತಿ ದೂರ ನೋಡಿದಳು. ಬಕೆಟ್ಟನ್ನು ಮೂತಿಗೆ ತಗುಲಿಸಿದ. ಮುಖ ತಿರುಗಿಸಿದಳು. ನೀರಿಗೆ ಬೆಲ್ಲ ಕದಡಿದ. ಮೂಸಲೂ ಇಲ್ಲ. ಹತ್ತು ನಿಮಿಷ ಕಳೆಯಿತು. ಎಪ್ಪತ್ತನಾಲ್ಕು. ನಿಷಾ ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟಳು. ಅದು ಒಡನೆ ಕೂಡಿಕೊಳ್ಳದೆ ಗೆರೆಯಾಗಿಯೇ ನಿಂತಿತು.

ಸುತ್ತ ಜನ ಸೇರಿದರು. ನಮ್ಮಲ್ಲಿ ಕುದುರೆ ಇಲ್ಲದವನೂ ಕುದುರೆಯ ಡಾಕ್ಟರನೇ. ಒಬ್ಬ ಕಿವಿ ತಿಕ್ಕಿ ಎಂದ, ಇನ್ನೊಬ್ಬ ಉಳ್ಳಾಗಡ್ಡಿ ಮೂಸಿಸಿ ಎಂದ. ಮಕ್ಸೂದ ಮಾತ್ರ ಪುಡಿಯನ್ನು ಗಟ್ಟಿಯಾಗಿ ಕಲಸಿ, ದೊಡ್ಡ ಪಿಚಕಾರಿಯಲ್ಲಿ ತುಂಬಿಕೊಂಡು ಬಂದುಬಿಟ್ಟ.

“ಪೂನಮ ಬೇಟಾ, ಬಾಯಾಗ ಹೊಡದುಬಿಡು. ಉಪ್ಪು ಹೋದ್ರ ನೀರು ತಾನೇ ಕೇಳ್ತದ.”

ಪೂನಮ ಪಿಚಕಾರಿ ಕೈಗೆ ತೆಗೆದುಕೊಂಡಳು. “ಮೇಡಮ್, ಕೊಡ್ಲೇನ್ರಿ? ಹದಿನೈದು ನಿಮಿಷ ಅಷ್ಟೇ ಉಳಿದಾವ.”

“ಬ್ಯಾಡ. ಒಂದು ಹನಿ ನೀರು ಹೊಟ್ಟಿಗೆ ಇಲ್ಲ. ಈಗ ಕೊಟ್ರ ಗುಡಿಯಾ ಹೋಗ್ತಾಳ” ಎಂದಳು ನಿಷಾ. ಆಮೇಲೆ ಏಕನಾಥನ ಕಡೆ ತಿರುಗಿ ಮೆತ್ತಗೆ ಕೇಳಿದಳು, “ಕಾಕಾ, ಮನ್ಯಾಗೂ ಹಿಂಗ ಮಾಡ್ತಾಳೇನ್ರಿ?”

ಏಕನಾಥ ಇಲ್ಲ ಎನ್ನಲು ಬಾಯಿ ತೆರೆದ. ಆಗ ಗುಡಿಯಾಳ ಕಣ್ಣು ನೋಡಿದ. ಅವಳು ನೀರನ್ನು ನೋಡುತ್ತಿರಲಿಲ್ಲ, ಜನರನ್ನು ನೋಡುತ್ತಿರಲಿಲ್ಲ. ಲಗಾಮು ಹಿಡಿದ ಅವನ ಕೈಯನ್ನು ನೋಡುತ್ತಿದ್ದಳು. ನಾಲಗೆ ಒಣಗಿ ತುಟಿಗೆ ಅಂಟಿದೆ, ಹೊಟ್ಟೆಯ ಪಕ್ಕ ಒಳಗೆ ಸೇದಿಕೊಂಡಿದೆ, ಆದರೂ ಅವನು ಕಲಿಸಿದ ಹಾಗೆಯೇ ನಿಂತಿದ್ದಾಳೆ. ಬಾಯಲ್ಲಿ ಲಗಾಮು, ಸುತ್ತ ಜನ, ಹಿಡಿದವನು ಏಕನಾಥ. ನೀರು ಮುಟ್ಟಬಾರದು.

ಏಕನಾಥ ಇದನ್ನು ಹೇಳದೆಯೂ ಬಿಡಬಹುದಿತ್ತು. ಕುದುರೆಗೆ ವಯಸ್ಸಾಯಿತು ಎಂದು ಟೆಂಪೋ ಹತ್ತಿಸಿಕೊಂಡು ಹೋಗಿದ್ದರೆ ಅವನ ಹೆಸರು ಹೆಸರಾಗಿಯೇ ಉಳಿಯುತ್ತಿತ್ತು. ಆದರೆ ಎದುರಿಗೆ ಮಗಳು ನಿಂತಿದ್ದಳು.

“ಆಕೀಗೇನೂ ಆಗಿಲ್ರಿ ಮೇಡಮ್” ಎಂದ. ಧ್ವನಿ ತನ್ನದಲ್ಲವೆನ್ನಿಸಿತು. “ನಾನೇ ಕಲಿಸೀನಿ. ಮದವಿ ಮನಿ ಮುಂದ ಮೂತ್ರ ಮಾಡಬಾರದಂತ, ಲಗಾಮು ಹಾಕಿ ನೀರು ತೋರಿಸಿ ತೋರಿಸಿ ಬಿಡಿಸೀನಿ. ಹನ್ನೊಂದು ವರ್ಷ ಆತು. ನಾ ಹಿಡದು ನಿಂತ್ರ ಆಕಿ ಸತ್ತರೂ ಕುಡಿಯಂಗಿಲ್ಲ.”

ಪೂನಮ ಅಪ್ಪನನ್ನು ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿತ್ತು, ಅದಕ್ಕಿಂತ ಹೆಚ್ಚು ದುಃಖವಿತ್ತು. ಮೆರವಣಿಗೆಯಿಂದ ಬಂದ ಮೇಲೆ ತಾನು ನೀರಿಟ್ಟಾಗ ಈ ಕುದುರೆ ಯಾಕೆ ಅಷ್ಟು ಆತುರದಿಂದ ಕುಡಿಯುತ್ತಿತ್ತು ಎಂದು ಅವಳಿಗೆ ಈಗ ತಿಳಿಯಿತು. “ಯಾಕ ಹೇಳ್ಲಿಲ್ರಿ ಅಪ್ಪಾ?” ಎಂದಳು.

“ತಪ್ಪಂತ ಗೊತ್ತಿದ್ರ ಹೇಳ್ತಿದ್ನೆವ್ವಾ” ಎಂದ ಏಕನಾಥ.

ಅವನು ಗುಡಿಯಾಳ ಬಾಯಿಂದ ಲಗಾಮು ಬಿಚ್ಚಿದ. ಕೊರಳಿಗೆ ಬರೀ ಹಗ್ಗ ಹಾಕಿ ಮಗಳ ಕೈಗೆ ಕೊಟ್ಟ. “ಜನರನ್ನ ಹಿಂದ ಸರಸ್ರಿ. ನಾನೂ ಕಣ್ಣಿಗೆ ಬೀಳಬಾರದು” ಎಂದು ಹೇಳಿ, ಕುಂಟುತ್ತ ಟೆಂಪೋದ ಆಚೆ ಬದಿಗೆ ಹೋಗಿ ಬೆನ್ನು ಹಾಕಿ ನಿಂತ. ಜನ ಸರಿದರು, ಮಕ್ಸೂದನೇ ಒಬ್ಬೊಬ್ಬರನ್ನು ತಳ್ಳಿ ಸರಿಸಿದ.

ಟೆಂಪೋದ ಕಬ್ಬಿಣ ಸುಡುತ್ತಿತ್ತು. ಏಕನಾಥ ಅದಕ್ಕೆ ಹಣೆ ಒತ್ತಿಕೊಂಡು ಕಿವಿಗೊಟ್ಟ. ಪೂನಮ ಏನೋ ಮೆಲ್ಲಗೆ ಹೇಳುತ್ತಿದ್ದಳು, ಚಿಕ್ಕವಳಿದ್ದಾಗ ಕುದುರೆಗೆ ಹೇಳುತ್ತಿದ್ದ ಅರ್ಥವಿಲ್ಲದ ಮಾತುಗಳು. ಗುಡಿಯಾಳ ಗೊರಸು ಮಣ್ಣಿನಲ್ಲಿ ಒಮ್ಮೆ ಸರಿದ ಸದ್ದು. ಆಮೇಲೆ ಏನೂ ಇಲ್ಲ. ಆಮೇಲೆ ನೀರು ಹೀರುವ ಸದ್ದು.

ನಿಲ್ಲಲೇ ಇಲ್ಲ ಆ ಸದ್ದು. ಒಂದೊಂದು ಗುಟುಕೂ ಗಂಟಲಲ್ಲಿ ಇಳಿಯುವುದು ಅಲ್ಲಿಯವರೆಗೆ ಕೇಳುತ್ತಿತ್ತು. ಹನ್ನೊಂದು ವರ್ಷ ಅವಳ ಜೊತೆ ಇದ್ದವನು ಅವಳು ನೀರು ಕುಡಿಯುವ ಸದ್ದನ್ನು ಹೀಗೆ ನಿಂತು ಕೇಳಿದ್ದು ಅದೇ ಮೊದಲು. ಏಕನಾಥ ಅತ್ತ. ಮಗಳ ಮದುವೆಗೆಂದು ಕಾಯ್ದಿಟ್ಟ ಅಳುವೆಲ್ಲ ಅಲ್ಲೇ ಖರ್ಚಾಯಿತು ಎಂದು ಮಕ್ಸೂದ ಇವತ್ತಿಗೂ ಚಾಷ್ಟಿ ಮಾಡುತ್ತಾನೆ. ಆದರೆ ಆಗ ಅವನು ಹತ್ತಿರ ಬಂದು ಗೆಳೆಯನ ಬೆನ್ನ ಮೇಲೆ ಕೈ ಇಟ್ಟು ನಿಂತಿದ್ದ.

ನಾಲ್ಕು ನಿಮಿಷ ಉಳಿದಿರುವಾಗ ಬಡಿತ ಅರವತ್ತೆರಡಕ್ಕೆ ಬಂತು. ಎರಡನೇ ಬಕೆಟ್ ಮುಗಿದ ಮೇಲೆ ನಿಷಾ ತಾನೇ ಡಬ್ಬಿಯಿಂದ ಅರ್ಧ ಅಳತೆ ಪುಡಿ ತೆಗೆದು ನೆನೆಸಿದ ಭೂಸಾದಲ್ಲಿ ಕಲಸಿಕೊಟ್ಟಳು. ಗುಡಿಯಾ ಅದನ್ನು ತಿಂದು, ಮತ್ತೆ ತಾನಾಗಿಯೇ ನೀರು ಹುಡುಕಿದಳು. “ನೋಡಿದ್ರಿಲ್ಲ, ಈಗ ಉಪ್ಪು ಕೆಲಸ ಮಾಡ್ತು” ಎಂದಳು ನಿಷಾ. “ನನ್ನ ಡಬ್ಬಿ!” ಎಂದ ಮಕ್ಸೂದ. “ಮೊದಲ ನೀರು, ಆಮ್ಯಾಗ ನಿಮ್ಮ ಡಬ್ಬಿ” ಎಂದಳು ಆಕೆ.

ಉಳಿದ ಹದಿನೆಂಟು ಕಿಲೋಮೀಟರನ್ನು ಪೂನಮ ಅವಸರ ಮಾಡದೆ ಹೋದಳು. ಔರಾದದಲ್ಲಿ ಕಡೆಯಿಂದ ಎರಡನೆಯವಳಾಗಿ ಮುಟ್ಟಿದಳು. ಕುದುರೆಗೂ ಸವಾರಳಿಗೂ ಹಾರ ಹಾಕಿ ಫೋಟೋ ತೆಗೆಯುವಾಗ ಎಲ್ಲರೂ ಏಕನಾಥನನ್ನು ಕರೆದರು. ಅವನು ರಸ್ತೆಯಾಚೆ ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಂತಿದ್ದ; ಬರಲಿಲ್ಲ. ಗುಡಿಯಾಳ ಮುಂದೆ ಆಗಿನ್ನೂ ಬಕೆಟ್ ಇಟ್ಟಿದ್ದರು. ನಿಷಾ ಸಹಿ ಹಾಕಿದ ಕಾಗದವನ್ನು ಪೂನಮ ದೂರದಿಂದಲೇ ಎತ್ತಿ ತೋರಿಸಿದಳು. ಅವನು ಕೈ ಎತ್ತಿದ.

ಈಗ ಗುಡಿಯಾ ಶಾಲೆಯಲ್ಲಿದ್ದಾಳೆ. ಮಕ್ಕಳು ಅವಳಿಗೆ ಗಜ್ಜರಿ ತಂದುಕೊಡುತ್ತಾರೆ, ಅವಳ ಜಡೆ ಹೆಣೆಯುತ್ತಾರೆ. ಏಕನಾಥ ಬೆಳಿಗ್ಗೆ ಜನವಾಡದ ಬಸ್ಸು ಹಿಡಿದು, ಶಾಲೆಯ ಗಂಟೆ ಹೊಡೆಯುವ ಮೊದಲು ಅಲ್ಲಿರುತ್ತಾನೆ. ಗುಡಿಯಾಗೆ ಲಗಾಮು ಹಾಕುತ್ತಾನೆ. ಬಕೆಟ್ ತುಂಬಿ, ಮೊಣಕಾಲು ನೋಯುತ್ತಿದ್ದರೂ ನೆಲಕ್ಕೆ ಕೂತು, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾನೆ. “ಕುಡಿ ಅವ್ವಾ” ಎನ್ನುತ್ತಾನೆ. ಗುಡಿಯಾ ಕತ್ತು ಎತ್ತಿ ದೂರ ನೋಡುತ್ತಾಳೆ. ಅರ್ಧ ಗಂಟೆ ಕಾಯುತ್ತಾನೆ. ಆಮೇಲೆ ಬಕೆಟ್ ಅಲ್ಲೇ ಇಟ್ಟು, ಲಗಾಮು ಬಿಚ್ಚಿ, ಅವಳು ಕುಡಿಯಲೆಂದು ಎದ್ದು ಹೊರಗೆ ಹೋಗುತ್ತಾನೆ. ಪೂನಮ ಮೊದಮೊದಲು, “ಬಿಡ್ರಿ ಅಪ್ಪಾ, ನಾ ಕುಡಸ್ತೇನಿ, ನಿಮಗ್ಯಾಕ ಈ ತ್ರಾಸು?” ಎನ್ನುತ್ತಿದ್ದಳು. ಈಗ ಅನ್ನುವುದಿಲ್ಲ.

ಮೊನ್ನೆ ಶನಿವಾರ, ನಲವತ್ತನೆಯದೋ ನಲವತ್ತೊಂದನೆಯದೋ ದಿನ, ಗುಡಿಯಾ ಬಹಳ ಹೊತ್ತು ಅವನ ಕೈ ನೋಡಿದಳು. ಆಮೇಲೆ ಮೂತಿ ಇಳಿಸಿದಳು. ಎಲ್ಲಿ ಎಳೆಯುತ್ತಾನೋ ಎಂದು ಕಿವಿ ಹಿಂದಕ್ಕೆ ಮಾಡಿಕೊಂಡೇ ಒಂದು ಗುಟುಕು ಹೀರಿ, ಗಕ್ಕನೆ ಕತ್ತು ಎತ್ತಿದಳು. ಏಕನಾಥ ಉಸಿರು ಬಿಡಲೂ ಹೆದರಿದ.

ಬಸ್ಸಿಳಿದು ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಅಡಿಗೆಮನೆಯ ಬಾಗಿಲಲ್ಲಿ ನಿಂತ. ಶೇವಂತಾಬಾಯಿ ರೊಟ್ಟಿ ಬಡಿಯುತ್ತಿದ್ದಳು.

“ಕುಡದಳು.”

“ಎಷ್ಟು?”

“ಒಂದು ಗುಟುಕು.”

ಶೇವಂತಾಬಾಯಿ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಗಂಡನ ಮುಖ ನೋಡಿದಳು. “ಹನ್ನೊಂದು ವರ್ಷದ್ದು ಒಂದ ಗುಟುಕಿನ್ಯಾಗ ತೀರ್ತದೇನ್ರಿ? ನಾಳಿ ಮತ್ತ ಹೋಗ್ರಿ.”

“ಹೋಗ್ತೇನಿ” ಎಂದ ಏಕನಾಥ.